ಕಟ್ಟು ಬಿಚ್ಚುವ ಹೊತ್ತು

"ಚಾಕು ಕೆಳಗಿಡಿ! ಇಡ್ತೀರೋ, ಕೂಗಿಕೊಳ್ಳಲೋ?"

ಕೂಗಿಕೊಂಡರೂ ಕೇಳುವವರು ಯಾರೂ ಇರಲಿಲ್ಲ. ಮುಂದೆ ಹುಲ್ಲು, ಹಿಂದೆ ಕಾಡು, ನಡುವೆ ಹೆಂಚಿನ ಸಣ್ಣ ಮನೆ. ಅವಳು ಈ ಜಾಗ ಕೊಂಡಿದ್ದೇ ಆ ನಿಶ್ಶಬ್ದಕ್ಕಾಗಿ. ಬಂದ ಮೂರನೆಯ ಬೆಳಗ್ಗೆಯೇ ತೋಟದಲ್ಲಿ ಗುರುತಿಲ್ಲದ ಗಂಡಸೊಬ್ಬ ಚಾಕು ಹಿಡಿದು ಮಂಡಿಯೂರಿ ಕೂತಿರುತ್ತಾನೆಂದು ಯಾರು ಎಣಿಸಿದ್ದರು?

ಅವನು ತಲೆಯೆತ್ತಿದ. ನಲವತ್ತರ ಹತ್ತಿರದ ವಯಸ್ಸು, ಕೆದರಿದ ಕೂದಲು, ಮೊಣಕಾಲವರೆಗೂ ಕೆಸರು. ಚಾಕು ಬೆರಳುದ್ದದ್ದು. ಎದುರಿಗೆ ಸೊಂಟದೆತ್ತರದ ಮಾವಿನ ಗಿಡ, ಅದರ ಬುಡದಲ್ಲಿ ಸೀಳಿ ಬಿದ್ದ ಪ್ಲಾಸ್ಟಿಕ್ ಪಟ್ಟಿ.

"ನೀವ್ಯಾರು?" ಎಂದ.

"ಚೆನ್ನಾಗಿದೆ! ನನ್ನ ತೋಟಕ್ಕೆ ನುಗ್ಗಿ ನನ್ನನ್ನೇ ಯಾರು ಅಂತ ಕೇಳ್ತೀರಾ?"

"ನಿಮ್ಮ... ತೋಟ?"

"ಕಾಗದ ತಂದು ತೋರಿಸಲಾ?"

ಅವನು ಮನೆಯ ಕಡೆ ನೋಡಿದ. ಹೊಸ ಪರದೆ, ಹೊಸ ಬೀಗ, ಜಗಲಿಯ ಮೇಲೆ ಇನ್ನೂ ಬಿಚ್ಚದ ಪೆಟ್ಟಿಗೆಗಳು. ಮುಖದ ಬಣ್ಣ ಇಳಿದುಹೋಯಿತು.

"ಮಾರಿಬಿಟ್ರಾ..." ಎಂದು ತನಗೇ ಹೇಳಿಕೊಂಡ. "ಹತ್ತು ದಿನ ಪರವೂರಿಗೆ ಕೆಲಸಕ್ಕೆ ಹೋಗಿದ್ದೆ... ಅಷ್ಟರಲ್ಲೇ ಮಾರಿಬಿಟ್ರಾ!"

ಚಾಕು ಮಡಚಿ ಜೇಬಿಗಿಟ್ಟು, ಗಿಡಗಳ ಸಾಲನ್ನು ಒಮ್ಮೆ ಕಣ್ಣಲ್ಲೇ ಎಣಿಸಿ, ಬೇಲಿ ದಾಟಿ ಹೊರಟುಹೋದ.

ಕಳ್ಳನಾದರೆ ಓಡಬೇಕಿತ್ತು. ಇವನು ಸಾವಿನ ಮನೆಯಿಂದ ಹೊರಟವನ ಹಾಗೆ ನಡೆದ. ಯಾಕೆ?

ಈ 'ಯಾಕೆ' ಅವಳಿಗೆ ಹುಟ್ಟಿನಿಂದ ಬಂದದ್ದು. ಹನ್ನೊಂದು ವರ್ಷ ದೊಡ್ಡ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ನರ್ಸ್ ಆಗಿದ್ದಾಗ ಜೊತೆಯವರು ಅವಳನ್ನು ಕರೆಯುತ್ತಿದ್ದದ್ದೇ 'ಯಾಕಮ್ಮ' ಎಂದು. ಗಾಯ ಯಾಕೆ ಒಣಗಲಿಲ್ಲ, ಅಜ್ಜ ಯಾಕೆ ಊಟ ಬಿಟ್ಟ, ಡಾಕ್ಟರ್ ಯಾಕೆ ಮುಖ ಗಂಟಿಕ್ಕಿದರು... ಕೇಳಿ ಕೇಳಿ ಬೈಸಿಕೊಂಡವಳು.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕಿಟಕಿಗೆ ಎದುರಾಗಿ ಗೋಡೆ. ಗೋಡೆಯ ಪೈಪಿನ ಸಂದಿಯಲ್ಲಿ ಎಲ್ಲಿಂದಲೋ ಬಂದ ಬೀಜ ಮೊಳೆತು ನಾಲ್ಕು ಎಲೆ ಬಿಟ್ಟಿತ್ತು. ದಿನವೂ ಅದನ್ನು ನೋಡಿಯೇ ಅವಳು ಕೆಲಸ ಶುರು ಮಾಡುತ್ತಿದ್ದಳು. ಒಂದು ದಿನ ಪೈಪ್ ರಿಪೇರಿಯವರು ಅದನ್ನು ಕಿತ್ತು ಬಿಸಾಕಿದರು. ಅಂದೇ ಅವಳು ಕಾಡಿನ ಪಕ್ಕದಲ್ಲಿ, ಕೈಗೆಟಕುವ ಬೆಲೆಯಲ್ಲಿ ಒಂದು ತುಂಡು ನೆಲ ಹುಡುಕಲು ಕೂತಳು.

ದೇವರು ಕೆಲವರನ್ನು ದೊಡ್ಡ ಮಾತಿನಿಂದ ಕರೆಯುತ್ತಾನೆ, ಕೆಲವರನ್ನು ನಾಲ್ಕು ಎಲೆಯಿಂದ.

"ಇಷ್ಟು ಅಗ್ಗ ಯಾಕೆ?" ಎಂದು ಮಾರಿದವರನ್ನು ಕೇಳಿದ್ದಳು. "ಬಸ್ಸು ದಿನಕ್ಕೆ ಎರಡೇ ಕಣಮ್ಮ," ಎಂದಿದ್ದರು ಅವರು, ಕಣ್ಣು ತಪ್ಪಿಸಿ.

ಅವನು ಹೋದ ಮೇಲೆ ಅವಳು ಗಿಡಗಳ ಹತ್ತಿರ ಬಂದು ಬಗ್ಗಿದಳು.

ಒಟ್ಟು ಹತ್ತೊಂಬತ್ತು ಗಿಡ. ಎಲ್ಲದರ ಕಾಂಡಕ್ಕೂ ಗೇಣುದ್ದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಏಳು ಗಿಡಗಳ ಪಟ್ಟಿಯನ್ನು ಮಾತ್ರ ಅವನು ಸೀಳಿ ತೆಗೆದಿದ್ದ. ಅಲ್ಲಿ ತೊಗಟೆ ಉಬ್ಬಿ, ಓರೆಯಾಗಿ ಒಂದು ಗೆರೆ ಬಿದ್ದಿತ್ತು. ಹೊಲಿಗೆ ಹಾಕಿ ಒಣಗಿದ ಗಾಯದಂತೆ.

'ಯಾರೋ ಪುಣ್ಯಾತ್ಮರು ಗಾಯಕ್ಕೆ ಕಟ್ಟು ಕಟ್ಟಿದ್ದಾರೆ. ಈ ಪಾಪಿ ಬಿಚ್ಚಿ ಹಾಕಿದ್ದಾನೆ! ಯಾರ ಮೇಲಿನ ಹೊಟ್ಟೆಕಿಚ್ಚೋ ಗಿಡಗಳ ಮೇಲೆ!'

ಅವಳ ಕೈ ಸುಮ್ಮನಿರುತ್ತದೆಯೇ? ಒಳಗಿನಿಂದ ಹತ್ತಿ, ಬ್ಯಾಂಡೇಜ್ ಬಟ್ಟೆ, ಅಂಟುಪಟ್ಟಿ ಬಂದವು. ಬಿಚ್ಚಿದ ಏಳಕ್ಕೂ ಹೊಸ ಕಟ್ಟು. ಉಳಿದವುಗಳ ಪಟ್ಟಿ ಬಿರಿಯುವ ಹಾಗಿತ್ತೆಂದು ಅವಕ್ಕೂ ಮೇಲೊಂದು ಕಟ್ಟು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಗಿಡಗಳೂ ವಾರ್ಡಿನ ರೋಗಿಗಳಂತೆ ಬಿಳಿ ಪಟ್ಟಿ ಸುತ್ತಿಕೊಂಡು ಸಾಲಾಗಿ ನಿಂತವು.

"ದೇವರೇ, ಇವುಗಳನ್ನ ಉಳಿಸು," ಎಂದು ಕೈ ಮುಗಿದು ಗೇಟಿಗೆ ಬೀಗ ಹಾಕಿದಳು.

ಎರಡು ದಿನ ಬಿಟ್ಟು ಅವನು ಗೇಟಿನ ಹೊರಗೆ ಬಂದು ನಿಂತ. "ಆ ಗಿಡಗಳ ವಿಷಯ ಸ್ವಲ್ಪ..." ಎನ್ನುವಷ್ಟರಲ್ಲಿ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ಮಾತ್ರ ನೋಡಿದಳು. ಬಿಳಿ ಪಟ್ಟಿಗಳನ್ನು ಕಂಡು ಅವನು ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಷ್ಟೋ ಹೊತ್ತು... ಆಮೇಲೆ ಮತ್ತೆ ಬರಲಿಲ್ಲ.

ಗೆದ್ದೆ ಅಂದುಕೊಳ್ಳಬೇಕಿತ್ತು ಅವಳು. ಆದರೆ ಆ ಎರಡು ಕೈಗಳು ಕಣ್ಣಿನಿಂದ ಹೋಗಲೇ ಇಲ್ಲ.

ಮೂರನೆಯ ವಾರಕ್ಕೆ ಎಲೆಗಳು ಹಳದಿಯಾಗತೊಡಗಿದವು.

ನೀರು ಹೆಚ್ಚಾಯಿತೇ? ಕಡಿಮೆಯಾಯಿತೇ? ಹುಳುವೇ? ಒಂದು ಗಿಡದ ತುದಿ ಒಣಗಿ ಮುಟ್ಟಿದರೆ ಮುರಿಯಿತು. ಮರುದಿನ ಇನ್ನೊಂದು. ಅವಳು ಕೊಡೆ ಹಿಡಿದು ಜಿನುಗುವ ಮಳೆಯಲ್ಲೇ ಅಂಗಡಿಗೆ ಓಡಿದಳು. ಬಸ್ಸು ನಿಲ್ಲುವ ತಿರುವಿನಲ್ಲಿ ಸೋಪಿನಿಂದ ಸೊಳ್ಳೆಬತ್ತಿಯವರೆಗೆ ಎಲ್ಲ ಮಾರುವ ಅಜ್ಜಿಗೆ ಊರಿನ ಎಲ್ಲರ ಜಾತಕ ಗೊತ್ತು.

"ಅಜ್ಜಿ, ನನ್ನ ಮಾವಿನ ಗಿಡಗಳು ಸಾಯ್ತಿವೆ. ಯಾರನ್ನ ಕೇಳ್ಲಿ?"

"ನಿನ್ನ ಗಿಡವಾ?" ಅಜ್ಜಿ ಕನ್ನಡಕ ಮೇಲೇರಿಸಿದಳು. "ಅದು ಕಸಿಯವನ ಗಿಡ ಅಲ್ವೇನೇ?"

"ಕಸಿಯವನು?"

"ಗಿಡಕ್ಕೆ ಗಿಡ ಕೂಡಿಸ್ತಾನಲ್ಲ, ಅವನು. ನಾಲ್ಕು ವರ್ಷದಿಂದ ಆ ತೋಟ ಗೇಯ್ದದ್ದು ಅವನೇ, ನಿನಗೆ ಮಾರಿದವರ ಬರೀ ಬಾಯಿಮಾತಿನ ಮೇಲೆ. ಕಾಡಂಚಿನ ದೊಡ್ಡ ಮರ ಗಾಳಿಗೆ ಬಿತ್ತು ನೋಡು, ಅವತ್ತು ಮಗು ಹಾಗೆ ಅತ್ತ. ಬಿದ್ದ ಮರದ ಕಡ್ಡಿ ಕೊಯ್ದು ನಿನ್ನ ತೋಟದ ಸಸಿಗಳಿಗೆ ಕೂಡಿಸಿದ. ಆ ಮರದ ಹಣ್ಣು ತಿಂದವರಿಗೇ ಗೊತ್ತು ಕಣೇ... ಎಲ್ಲ ಮರ ಮುಗಿದ ಮೇಲೆ ಕೊನೆಗೆ ಹಣ್ಣಾಗೋದು ಅದು. ಆ ತಳಿ ಅಂತ ಈಗ ಉಳಿದಿರೋದು ಅಷ್ಟೇ ಗಿಡ."

"ಅಜ್ಜಿ... ಆ ಪ್ಲಾಸ್ಟಿಕ್ ಪಟ್ಟಿ ಯಾಕೆ?"

"ಕೂಡೋವರೆಗೂ ಕಟ್ಟಬೇಕು. ಕೂಡಿದ ಮೇಲೆ ಬಿಚ್ಚಬೇಕು. ಇಲ್ದಿದ್ರೆ ಕಟ್ಟಿದ್ದೇ ಉರುಳಾಗುತ್ತೆ."

ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಯ ಬೆರಳಿಗೂ ಅವಳು ಬಿಗಿಯಾಗಿ ಕಟ್ಟಿರಲಿಲ್ಲ. ಈಗ ಹತ್ತೊಂಬತ್ತು ಕತ್ತುಗಳನ್ನು ಒಟ್ಟಿಗೆ ಹಿಸುಕಿದ್ದಳು! ಎಲ್ಲದಕ್ಕೂ ಯಾಕೆ ಎಂದು ಕೇಳುವವಳು, ಅವನೊಬ್ಬನನ್ನು ಮಾತ್ರ ಕೇಳಿರಲಿಲ್ಲ.

ಅವನ ಮನೆ ಹಳ್ಳದ ಆಚೆ. ಅವನು ಜಗಲಿಯಲ್ಲಿ ಕೂತು ಚಾಕು ಮಸೆಯುತ್ತಿದ್ದ. ಅವಳು ಏದುಸಿರು ಬಿಡುತ್ತಾ ನಿಂತಳು.

"ಬನ್ನಿ. ಈಗಲೇ ಬನ್ನಿ. ಬೈಯೋದಿದ್ರೆ ದಾರೀಲಿ ಬೈಯ್ರಿ."

ಅವನು ಬೈಯಲಿಲ್ಲ. ದಾರಿಯುದ್ದಕ್ಕೂ ಅವನ ನಡಿಗೆ ಮಾತ್ರ ಓಟವಾಗಿತ್ತು.

ತೋಟದಲ್ಲಿ ಮೊದಲ ಗಿಡದ ಮುಂದೆ ಕೂತು ಚಾಕು ತೆಗೆದವನು ಕೈ ತಡೆದ. ಬ್ಯಾಂಡೇಜನ್ನು ಬೆರಳಿನಿಂದ ಮುಟ್ಟಿದ. ಪಟ್ಟಿಯ ಸುತ್ತು ಒಂದರ ಮೇಲೊಂದು ಅರ್ಧರ್ಧ ಕೂತಿತ್ತು. ಎಳೆ ಚಿಗುರಿಗೆ ತಾಗದ ಹಾಗೆ ಗಂಟನ್ನು ಪಕ್ಕಕ್ಕೆ ಸರಿಸಿ, ತುದಿಯನ್ನು ಒಳಗೆ ಮಡಚಿದ್ದಳು.

"ಗೇಟಿನ ಆಚೆಯಿಂದ ನೋಡಿದಾಗ, ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡಿದ್ರಿ ಅಂದುಕೊಂಡೆ," ಎಂದ ನಿಧಾನವಾಗಿ.

"ನಾನು... ಗಾಯ ಅಂದುಕೊಂಡೆ," ಎಂದಳು ಅವಳು. ಕಣ್ಣು ತುಂಬಿ ಬಂತು. "ನೀವು ಬಿಚ್ಚಿ ಹಾಳು ಮಾಡ್ತಿದ್ದೀರ ಅಂದುಕೊಂಡೆ."

"ಕೇಡು ಬಗೆಯೋ ಕೈ ಗಂಟನ್ನ ಪಕ್ಕಕ್ಕೆ ಸರಿಸಲ್ಲ." ಅವನು ಮೊದಲ ಬಾರಿ ಅವಳ ಮುಖವನ್ನು ನೇರವಾಗಿ ನೋಡಿದ. "ನಿಮ್ಮ ಹತ್ರ ಇನ್ನೊಂದು ಚಾಕು ಇದೆಯಾ? ಕಸಿಯ ಗೆರೆ ಇಲ್ಲಿ ಇದೆ ನೋಡಿ... ಇದರ ಎದುರು ಬದಿಯಲ್ಲಿ ಪಟ್ಟಿ ಸೀಳಬೇಕು. ಗೆರೆಗೆ ಸೋಕಬಾರದು."

"ಯಾಕೆ?"

ಅವನು ನಕ್ಕುಬಿಟ್ಟ. ಅಷ್ಟು ದುಃಖದ ನಡುವೆ ಎಲ್ಲಿಂದ ಬಂತೋ ಆ ನಗು!

ಹತ್ತೊಂಬತ್ತರಲ್ಲಿ ಹದಿಮೂರು ಉಳಿದವು.

ಅಂದಿನಿಂದ ಗೇಟಿನ ಬೀಗ ಮೊಳೆಗೆ ನೇತಾಡಿತು. ಅವನು ದಿನ ಬೆಳಗ್ಗೆ ಬರುತ್ತಿದ್ದ, ಅವಳು ಕೇಳುತ್ತಿದ್ದಳು. ಬಿಸಿಲಿಗೆ ಎಲೆ ಯಾಕೆ ಕೆಂಪು? ಈ ಹಕ್ಕಿ ಯಾಕೆ ತಲೆಕೆಳಗಾಗಿ ನಡೆಯುತ್ತೆ? ಗೊತ್ತಿದ್ದದ್ದನ್ನು ಅವನು ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ "ನೋಡೋಣ ಬನ್ನಿ" ಎಂದು ಕಾಡಿನೊಳಗೆ ಕರೆದೊಯ್ಯುತ್ತಿದ್ದ. ಬಿದ್ದ ತಾಯಿಮರದ ಬೊಡ್ಡೆಯ ಮೇಲೆ ಇಬ್ಬರೂ ಕೂರುತ್ತಿದ್ದರು, ನಡುವೆ ಒಂದು ಕೈಯಗಲ ಜಾಗ ಬಿಟ್ಟು. ಅವಳ ಜೀವನದಲ್ಲಿ 'ಸಾಕು, ಸುಮ್ನಿರು' ಎನ್ನದ ಮೊದಲ ಮನುಷ್ಯ.

"ಕಸಿ ಗಟ್ಟಿಯಾದ ಮೇಲೆ ಬುಡದ ಮಣ್ಣಿನ ಸಮೇತ ಕಿತ್ತು ನಮ್ಮ ಹಿತ್ತಲಿಗೆ ಒಯ್ತೀನಿ," ಎಂದಿದ್ದ. "ಅಲ್ಲೀವರೆಗೂ ನಿಮಗೆ ತೊಂದರೆ."

"ಪರವಾಗಿಲ್ಲ," ಎಂದಿದ್ದಳು.

ಚಳಿ ಬಂತು, ಹೋಯಿತು. "ಇನ್ನೂ ಗಟ್ಟಿಯಾಗಿಲ್ಲ," ಎನ್ನುತ್ತಲೇ ಇದ್ದ ಅವನು.

ಒಂದು ದಿನ ಅಣ್ಣನ ಫೋನ್. ಅಂಗಡಿಯ ಮುಂದೆ ಮಾತ್ರ ಸಿಗ್ನಲ್ ಸಿಗುವುದು. ಅಣ್ಣನ ಜೋರು ದನಿ ಫೋನಿನ ಹೊರಗೂ ಕೇಳುತ್ತಿತ್ತು; ಅಜ್ಜಿ ಅಕ್ಕಿ ಆರಿಸುತ್ತಾ ಕಿವಿಯನ್ನು ಇತ್ತ ಬಿಟ್ಟಿದ್ದಳು.

"ಪುಟ್ಟಿ, ಇಲ್ಲಿ ಒಂದು ಒಳ್ಳೆ ಕ್ಲಿನಿಕ್‌ನಲ್ಲಿ ಕೆಲಸ ಇದೆ. ಸೋಮವಾರದೊಳಗೆ ಹೇಳ್ಬೇಕು. ಆ ಕಾಡಲ್ಲಿ ಎಷ್ಟು ದಿನ ಇರ್ತೀಯೇ? ಜಾಗಕ್ಕೆ ಗಿರಾಕಿ ನಾನೇ ಹುಡುಕ್ತೀನಿ."

"ಯೋಚನೆ ಮಾಡಿ ಹೇಳ್ತೀನಿ ಅಣ್ಣ."

ಅವಳು ಯೋಚಿಸುತ್ತಲೇ ಮನೆಗೆ ಹೋದಳು. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಅವನು ಆಗಲೇ ತೋಟದಲ್ಲಿದ್ದ. ಇಂದು ಚಾಕುವಲ್ಲ... ಹಾರೆ! ಪಕ್ಕದಲ್ಲಿ ಹದಿಮೂರು ಗೋಣಿಚೀಲದ ತುಂಡು. ಮೊದಲ ಗಿಡದ ಸುತ್ತ ಮಣ್ಣು ಸಡಿಲಾಗಿತ್ತು.

ಅವಳ ಕಾಲು ಅಲ್ಲೇ ನಿಂತಿತು. "ಏನು ಮಾಡ್ತಿದ್ದೀರಾ?"

"ನೀವು ಹೊರಟಿದ್ದೀರಂತೆ. ಸೋಮವಾರ." ಅವನು ತಲೆಯೆತ್ತಲಿಲ್ಲ. "ಮತ್ತೆ ಯಾರೋ ಬರ್ತಾರೆ, ಮತ್ತೆ ಬೀಗ ಹಾಕ್ತಾರೆ. ಈ ಸಲ ನಾನು ಗೇಟಿನ ಹೊರಗೆ ನಿಲ್ಲಲಾರೆ."

"ಹೊರಟಿದ್ದೀನಿ ಅಂತ ಯಾರು ಹೇಳಿದ್ರು?"

"ಅಂಗಡಿ ಅಜ್ಜಿ."

'ಅಜ್ಜೀ!' ಸಿಟ್ಟೂ ನಗುವೂ ಒಟ್ಟಿಗೆ ಬಂದವು. ಅವಳು ಹತ್ತಿರ ಬಂದು ಗಿಡದ ಮುಂದೆ ಕೂತಳು. ಗೆರೆ ಇದ್ದ ಜಾಗದ ಮೇಲೆ ಬೆರಳಾಡಿಸಿದಳು. ಗೆರೆಯೇ ಸಿಗಲಿಲ್ಲ.

"ಅದೇ ಅಜ್ಜಿ ನನಗೆ ಇನ್ನೊಂದು ಹೇಳಿದ್ರು. ನಿಮ್ಮ ಹಿತ್ತಲಲ್ಲಿ ಈ ಗಿಡ ನೆಡೋಕೆ ಇವತ್ತಿಗೂ ಒಂದು ಗುಂಡಿ ತೋಡಿಲ್ಲವಂತೆ."

ಹಾರೆ ಮಣ್ಣಿನಲ್ಲಿ ನಿಂತಿತು.

"ಹನ್ನೊಂದು ವರ್ಷ ಗಾಯ ಮಾಯೋದನ್ನೇ ನೋಡಿದವಳು ನಾನು," ಎಂದಳು. "ಈ ಕಸಿ ಕೂಡಿ, ಗಟ್ಟಿಯಾಗಿ ಎರಡು ತಿಂಗಳಾಯ್ತು. ದಿನಾ ಬಂದು ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಅಂತ ಸುಳ್ಳು ಹೇಳಿದ್ರಲ್ಲ..."

ಅವನ ಕಿವಿ ಕೆಂಪಾಯಿತು.

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಎರಡು ತಿಂಗಳಿಂದ?"

"ಹೂಂ."

"ಹಕ್ಕಿ ಯಾಕೆ ತಲೆಕೆಳಗಾಗಿ ನಡೆಯುತ್ತೆ ಅಂತ ಕೇಳ್ತೀರಿ. ಇರುವೆ ಯಾಕೆ ಸಾಲು ಬಿಡಲ್ಲ ಅಂತ ಕೇಳ್ತೀರಿ." ಅವನು ಈಗ ತಲೆಯೆತ್ತಿದ. "ಇದೊಂದನ್ನ ಯಾಕೆ ಕೇಳಲಿಲ್ಲ?"

"ಕೇಳಿದ್ರೆ..." ಅವಳು ಮಣ್ಣನ್ನು ಕೈಯಿಂದಲೇ ಗಿಡದ ಬುಡಕ್ಕೆ ಮತ್ತೆ ಸರಿಸಿದಳು. "ಕೇಳಿದ್ರೆ ನೀವು ಗಿಡ ತಗೊಂಡು ಹೋಗ್ಬಿಡ್ತಿದ್ರಿ. ನಾಳೆಯಿಂದ ಬೆಳಗ್ಗೆ ಗೇಟು ಯಾರಿಗೆ ತೆಗೀಲಿ?"

ಆ ಹೊತ್ತನ್ನು ತಂದ ಭಗವಂತನಿಗೆ ಅವಳು ಒಳಗೊಳಗೇ ನಮಸ್ಕರಿಸಿದಳು. ಅವನು ಹಾರೆ ಕೆಳಗಿಟ್ಟ. ಎದುರಿಗೆ ಕೂತು, ತಾನೂ ಎರಡು ಕೈಯಿಂದ ಮಣ್ಣು ಮುಚ್ಚತೊಡಗಿದ. ಬುಡದಲ್ಲಿ ನಾಲ್ಕು ಕೈಗಳೂ ಕೂಡಿದವು. ಯಾರೂ ಹಿಂದೆ ತೆಗೆಯಲಿಲ್ಲ.

"ಅಣ್ಣನಿಗೆ ಏನು ಹೇಳ್ತೀರಿ?"

"ಬರಲ್ಲ ಅಂತ. ಯಾಕೆ ಅಂತ ಕೇಳ್ತಾನೆ... ಏನು ಹೇಳ್ಲಿ?"

"ಮಾವು ಹಣ್ಣಾಗೋವರೆಗೂ ಇರಬೇಕು ಅಂತ ಹೇಳಿ."

"ಅದಕ್ಕೆ ಎಷ್ಟು ದಿನ?"

"ಮೂರೋ ನಾಲ್ಕೋ ವರ್ಷ. ಮೊದಲ ಹಣ್ಣಿಗೆ."

"ಆಮೇಲೆ?"

ಅವನು ಅವಳ ಬೆರಳಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

"ಮೊದಲ ಹಣ್ಣು ಅಷ್ಟು ಸಿಹಿ ಇರಲ್ಲ. ಮುಂದಿನ ವರ್ಷದ್ದು ತಿನ್ನಬೇಕು. ಅದರ ಮುಂದಿನದು ಇನ್ನೂ ಚೆನ್ನಾಗಿರುತ್ತೆ..."

"ಮತ್ತೆ ಸುಳ್ಳು!"

"ಯಾಕೆ ಅಂತ ಕೇಳಲ್ವಾ?"

"ಊಹೂಂ," ಎಂದಳು ಯಾಕಮ್ಮ, ಕಣ್ಣೊರೆಸಿಕೊಂಡು ನಗುತ್ತಾ. "ಇದು ಗೊತ್ತು."