ಎಂಟು ಕೋಲಿನ ಬಾವಿ

"ಮೇಡಂ, ನಿಮ್ಮ ಸಾಫ್ಟ್‌ವೇರ್ ನಮ್ಮ ಬಾವಿಗೆ ಇಣುಕಿ ನೋಡಿದೆಯಾ?"

ಸುಳ್ಯದ ಕಚೇರಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದವನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಚಪ್ಪಲಿ ಹೊರಗೆ ಬಿಟ್ಟು ಬರುವಷ್ಟು ಮರ್ಯಾದೆ ಇತ್ತು, ಮಾತಿನಲ್ಲಿ ಮಾತ್ರ ಇರಲಿಲ್ಲ!

ಯಶಸ್ವಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಕೋಪದ ಜೊತೆಗೆ ಎದೆಯಲ್ಲಿ ಇನ್ನೇನೋ ಒಂದು ಧಸಕ್ಕೆಂದಿತು. ಆಗ ಅವಳು ಅದಕ್ಕೆ ಕ್ಯಾರೇ ಅನ್ನಲಿಲ್ಲ ಬಿಡಿ.

"ಯಾರು ನೀವು?"

"ಮೋಕ್ಷಿತ್. ಕಡಬದ ಹತ್ರ ಕುಂಟಾಜೆ. ಈ ವರ್ಷ ಕಟ್ಟ ಬೇಡ ಅಂತ ಹಾಕಿದ್ದೀರಲ್ಲ... ಅದೇ ಕುಂಟಾಜೆ!"

ವಿಷಯ ಇಷ್ಟು. ಮಳೆ ನಿಂತ ಮೇಲೆ ತೋಡಿಗೆ, ಎಂದರೆ ಊರಿನ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಲ್ಲು, ಮಣ್ಣಿನ ಚೀಲ, ಟಾರ್ಪಾಲು ಹಾಕಿ ಕಟ್ಟ ಕಟ್ಟುವುದು, ನೀರು ನಿಲ್ಲಿಸಿ ಸುತ್ತಲಿನ ಬಾವಿಗಳನ್ನು ಉಳಿಸಿಕೊಳ್ಳುವುದು ಈ ಸೀಮೆಯವರಿಗೆ ಅಜ್ಜಂದಿರ ಕಾಲದಿಂದ ಬಂದ ಕೆಲಸ. ಆದರೆ ಈಗೀಗ ಹವಾಮಾನದ ತಲೆ ಕೆಟ್ಟಿದೆ. ಮಳೆ ಹೋಯಿತೆಂದು ಕಟ್ಟ ಹಾಕಿದರೆ ಮತ್ತೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಾದು ಕೂತರೆ ತೋಡೇ ಬತ್ತುತ್ತದೆ.

ಅದಕ್ಕೇ ಪುತ್ತೂರು, ಸುಳ್ಯ, ಕಡಬದ ಊರಿನವರು ಸೇರಿ ಒಂದು ಒಕ್ಕೂಟ ಮಾಡಿದ್ದರು. ಕ್ಲೌಡ್‌ನಲ್ಲಿ ನಡೆಯುವ ಒಂದು ಸಾಫ್ಟ್‌ವೇರ್ ಇಟ್ಟುಕೊಂಡಿದ್ದರು. ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಎಂದು ವಾರಕ್ಕೊಮ್ಮೆ ಪ್ರತಿ ಮನೆಯವರು ಮೊಬೈಲಿನಲ್ಲಿ ಹಾಕುವುದು. ಎಲ್ಲ ಊರಿನ ಲೆಕ್ಕವನ್ನೂ ಮಳೆಯ ಮುನ್ಸೂಚನೆಯನ್ನೂ ಸೇರಿಸಿ ಯಾವ ತೋಡಿಗೆ ಯಾವಾಗ ಕಟ್ಟ ಹಾಕಬೇಕೆಂದು ಅದು ಹೇಳುವುದು. ಅದು ಹೇಳಿದ ಕಡೆಗೆ ಎಲ್ಲರೂ ಹೋಗಿ ಕೈಜೋಡಿಸುವುದು.

ಇದನ್ನೆಲ್ಲ ನೋಡಿಕೊಳ್ಳುವವಳು ಅರಂತೋಡಿನ ಹುಡುಗಿ ಯಶಸ್ವಿ. ಮೊಬೈಲ್ ಒಗ್ಗದ ಹಿರಿಯರಿಗೆ ತಾನೇ ಫೋನ್ ಮಾಡಿ, ಕೇಳಿ, ತಾನೇ ತುಂಬುತ್ತಿದ್ದಳು. ಅಷ್ಟು ಪ್ರೀತಿ ಆ ಕೆಲಸದ ಮೇಲೆ!

"ನಿಮ್ಮ ಕಡೆ ನೀರು ಮೇಲೆಯೇ ಉಂಟು," ಅವಳು ಪರದೆ ತಿರುಗಿಸಿ ತೋರಿಸಿದಳು. "ನೋಡಿ. ಡೇಟಾ ಸುಳ್ಳು ಹೇಳುದಿಲ್ಲ."

"ಹಾಗಾದ್ರೆ ನಾನು ಸುಳ್ಳು ಹೇಳುದಾ?"

"ತಮ್ಮ ಊರಿನ ಕೆಲಸ ಮೊದಲು ಆಗ್ಲಿ ಅಂತ ನೀರಿಲ್ಲ ಅನ್ನುವವರು ಬೇಕಾದಷ್ಟು ಜನ ಇದ್ದಾರೆ."

ಅಯ್ಯೋ... ಬಾಯಿಂದ ಬಿದ್ದೇ ಹೋಯಿತು. ಅವನ ಮುಖ ಸಣ್ಣದಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮನೆಯಲ್ಲಿ ಇವಳದು ಅರೆಭಾಷೆ, ಅವನದು ತುಳು. ಇಬ್ಬರಿಗೂ ಸಮನಾಗಿ ಬರುವ ಕನ್ನಡದಲ್ಲಿ ಚೆನ್ನಾಗಿಯೇ ಜಗಳವಾಯಿತು ಅನ್ನಿ!

ಮರುದಿನ ಅವನಿಂದ ಫೋನ್ ಬಂತು. ಅವಳು ತೆಗೆಯಲಿಲ್ಲ. 'ಒಂದು ವಿಷಯ ಮಾತಾಡ್ಲಿಕ್ಕುಂಟು' ಎಂದು ಮೆಸೇಜ್ ಬಂತು. ಪುನಃ ಜಗಳಕ್ಕೇ ಇರಬೇಕೆಂದು ಬ್ಲಾಕ್ ಮಾಡಿಬಿಟ್ಟಳು.

ಆ ವಾರವೇ ಕಡಬದಲ್ಲಿ ಒಕ್ಕೂಟದ ಸಭೆ. ಅಧ್ಯಕ್ಷರು ಮೂಸಕುಂಞಿ, ಎಲ್ಲರ ಬಾಯಲ್ಲಿ ಮೂಸಾಕ. "ಕುಂಟಾಜೆಯವರಿಗೆ ಎಂತಾದ್ರೂ ಹೇಳ್ಲಿಕ್ಕುಂಟಾ ಮಾರಾಯ್ರೆ?" ಎಂದು ಕೇಳಿದರು.

ಮೋಕ್ಷಿತ್ ಎದ್ದು ನಿಂತ. ಆಯ್ತು, ಯಶಸ್ವಿ ಅಂದುಕೊಂಡಳು. ಇವತ್ತು ಎಲ್ಲರೆದುರು ನನ್ನ ಮರ್ಯಾದೆ ತೆಗೆಯುತ್ತಾನೆ!

ಅವನು ಅವಳನ್ನೊಮ್ಮೆ ನೋಡಿದ.

"ಎಂತ ಇಲ್ಲ ಮೂಸಾಕ. ನಾವು ಮನೆಯವರೇ ಸೇರಿ ಆದಷ್ಟು ಕಟ್ತೇವೆ," ಎಂದು ಕೂತುಬಿಟ್ಟ.

ಗೆದ್ದೆ ಎಂದು ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ನೋಟದಲ್ಲಿ ಸಿಟ್ಟೇ ಇರಲಿಲ್ಲವಲ್ಲ... ಯಾಕೆ? ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬೆಳಗಾದದ್ದೇ ಸ್ಕೂಟರ್ ಹತ್ತಿ ಕುಂಟಾಜೆಗೆ ಹೊರಟಳು.

ಅಂಗಳದ ಬಾವಿಯ ಹತ್ತಿರ ಮೋಕ್ಷಿತನ ಅಮ್ಮ ಕಮಲಾವತಿ ನೀರು ಸೇದುತ್ತಿದ್ದರು. ಯಶಸ್ವಿಯ ಸ್ವರ ಕೇಳಿದ್ದೇ ತಡ, ಮುಖ ಅರಳಿತು.

"ಫೋನಿನ ಹುಡುಗಿ ಅಲ್ವಾ ನೀನು? ಪ್ರತಿ ವಾರ ಮಾತಾಡಿ ಮಾತಾಡಿ ನಿನ್ನ ಸ್ವರ ನನಗೆ ಗುರ್ತ ಉಂಟು ಮಗಳೇ. ಬಾ, ಬಾ!"

ತಾನು ಪ್ರತಿ ವಾರ ಮಾತಾಡುವ ಕಮಲಕ್ಕನೇ ಇವನ ಅಮ್ಮ! ಯಶಸ್ವಿ ಬಾವಿಗೆ ಬಗ್ಗಿ ನೋಡಿದಳು. ನೀರು ಎಲ್ಲೋ ತಳದಲ್ಲಿತ್ತು.

"ಕಮಲಕ್ಕ... ಎಷ್ಟಕ್ಕೆ ಇಳಿದಿದೆ ಇದು?"

"ಎಂಟಕ್ಕೆ. ನಿನಗೆ ಹೇಳಿದ್ದೆ ಅಲ್ವಾ?"

"ಎಂಟು..."

"ಎಂಟು ಕೋಲು ಮಗಳೇ!"

ಕೋಲು! ಒಂದು ಕೋಲೆಂದರೆ ಎರಡೂವರೆ ಅಡಿಗೆ ಹತ್ತಿರ. ಇಲ್ಲಿನ ಹಳಬರು ಬಾವಿಯ ಆಳ ಹೇಳುವುದೇ ಕೋಲಿನಲ್ಲಿ. ಸಾಫ್ಟ್‌ವೇರ್ ಕೇಳಿದ್ದು ಅಡಿ.

ಹೊರಗಿನವಳಾಗಿದ್ದರೆ 'ಎಂಟು ಎಂದರೆ ಎಂತ?' ಎಂದು ಒಂದು ಮಾತು ಕೇಳುತ್ತಿದ್ದಳೋ ಏನೋ. ಇವಳು ಇಲ್ಲಿಯವಳೇ. 'ಬಾವಿ ಐದಕ್ಕೆ ಇಳಿಯಿತು' ಎಂದು ಮನೆಯಲ್ಲಿ ಹೇಳುವುದನ್ನು ಕೇಳಿಯೇ ಬೆಳೆದವಳು. ಕಿವಿಗೆ ಕೋಲೆಂದು ಅರ್ಥವಾಗಿತ್ತು, ಬೆರಳು ಮಾತ್ರ ಅಡಿಯ ಜಾಗದಲ್ಲಿ ಎಂಟು ಒತ್ತಿತ್ತು. ಕುಂಟಾಜೆಯ ಅಕ್ಕಪಕ್ಕದ ಮನೆಗಳಿಗೂ ಅವಳೇ ಫೋನ್ ಮಾಡಿದ್ದು, ಅಲ್ಲೂ ಅದೇ ಕಥೆ!

"ಮೊನ್ನೆ ನಿನ್ನ ಕಚೇರಿಯಿಂದ ಬಂದು ನನ್ನ ಹತ್ರ ಲೆಕ್ಕ ಕೇಳಿದಾಗಲೇ ಮೋಕ್ಷಿತನಿಗೆ ಗೊತ್ತಾಯ್ತು," ಕಮಲಾವತಿ ಮೆಲ್ಲಗೆ ಹೇಳಿದರು. "ನೀನು ಫೋನ್ ತೆಗಿಲಿಲ್ಲ ಅಂತೆ."

"ಸಭೆಯಲ್ಲಾದ್ರೂ ಹೇಳ್ಬಹುದಿತ್ತಲ್ಲ ಅಕ್ಕ!"

"ನಾನೂ ಅದನ್ನೇ ಕೇಳಿದೆ. 'ಎಲ್ಲರೆದುರು ಹೇಳಿದ್ರೆ ಆ ಹುಡುಗಿಯ ಮರ್ಯಾದೆ ಹೋಗ್ತದೆ ಅಮ್ಮ. ಮತ್ತೆ ಯಾರೂ ಬಾವಿ ಲೆಕ್ಕ ಕೊಡ್ಲಿಕ್ಕಿಲ್ಲ. ಉಳಿದ ಊರಿನ ತೋಡುಗಳೂ ಹಾಳಾಗ್ತವೆ' ಅಂದ."

ಯಶಸ್ವಿಗೆ ಕಣ್ಣು ತುಂಬಿ ಬಂತು. ತೋಡಿನ ಕಡೆಗೆ ಓಡಿದಳು.

ಮೋಕ್ಷಿತ್ ನೆರೆಮನೆಯ ಇಬ್ಬರ ಜೊತೆ ಕಲ್ಲು ಹೊರುತ್ತಿದ್ದ. ತೋಡಿನ ನೀರು ಆಗಲೇ ಸಪೂರವಾಗಿ ಹರಿಯುತ್ತಿತ್ತು. ಈ ಮೂವರೇ ಕಟ್ಟಿ ಮುಗಿಸುವಷ್ಟರಲ್ಲಿ ಅದೂ ಇರುವುದಿಲ್ಲವೆಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

"ತಪ್ಪು ನನ್ನದು..." ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. "ಈಗಲೇ ಎಲ್ಲರಿಗೂ ಹೇಳ್ತೇನೆ."

"ಬೇಡ. ಜನ ನಿಮ್ಮನ್ನು ನಂಬುದು ಬಿಟ್ರೆ?"

"ಬಿಟ್ರೆ ಬಿಡ್ಲಿ. ನನ್ನ ಮರ್ಯಾದೆಗೋಸ್ಕರ ನಿಮ್ಮ ಅಮ್ಮನ ಬಾವಿ ಬತ್ತುದು ಬೇಡ!"

ಅಲ್ಲೇ ನಿಂತು ಮೊಬೈಲಿನಲ್ಲಿ ಲೆಕ್ಕ ತಿದ್ದಿ, ಒಕ್ಕೂಟದ ಗುಂಪಿಗೆ ಧ್ವನಿ ಸಂದೇಶ ಕಳಿಸಿದಳು. "ನಾನು ಯಶಸ್ವಿ. ಕುಂಟಾಜೆಯವರು ಕೋಲಿನಲ್ಲಿ ಹೇಳಿದ್ದನ್ನು ನಾನು ಅಡಿಯಲ್ಲಿ ತುಂಬಿದ್ದೇನೆ. ಸಾಫ್ಟ್‌ವೇರಿನದ್ದೂ ತಪ್ಪಲ್ಲ, ಮೋಕ್ಷಿತರದ್ದೂ ತಪ್ಪಲ್ಲ. ಈಗ ಸರಿ ಮಾಡಿದ್ದೇನೆ. ಸಾಫ್ಟ್‌ವೇರ್ ಈಗ ಎಲ್ಲಕ್ಕಿಂತ ಮೊದಲು ಕುಂಟಾಜೆಗೆ ಹೋಗಿ ಅಂತ ತೋರಿಸ್ತಾ ಉಂಟು. ಫೋನಿನಲ್ಲಿ ತುಂಬಿದ ಉಳಿದ ಮನೆಗಳನ್ನೂ ಇವತ್ತೇ ಪುನಃ ಕೇಳ್ತೇನೆ. ದಯವಿಟ್ಟು... ಬನ್ನಿ."

ಎಲ್ಲರೂ ಕೇಳಿದರು. ಯಾರೂ ಉತ್ತರಿಸಲಿಲ್ಲ. ಮುಗಿಯಿತು, ಇಷ್ಟು ದಿನ ಕಷ್ಟಪಟ್ಟು ಕಟ್ಟಿದ್ದೆಲ್ಲ ಮುಗಿದೇ ಹೋಯಿತು ಎಂದುಕೊಂಡಳು.

ಆಗ ಮೂಸಾಕನ ಸ್ವರ ಬಂತು. "ಕೇಳಿತು ಮಗಳೇ. ನಾಳೆ ಎಷ್ಟು ಗಂಟೆಗೆ ಬರ್ಬೇಕು? ತಿಂಡಿ ಎಂತ ಉಂಟು ಅಲ್ಲಿ?"

ಅವಳು ಅಳುತ್ತಲೇ ನಕ್ಕುಬಿಟ್ಟಳು!

ಮರುದಿನ ಬೆಳಿಗ್ಗೆ ನೋಡಬೇಕಿತ್ತು. ನೆಟ್ಟಣದಿಂದ ಜೀಪು, ನೆಲ್ಯಾಡಿಯಿಂದ ಪಿಕಪ್ಪು, ಅರಂತೋಡಿನಿಂದ ಬೈಕುಗಳು! ಒಬ್ಬರೂ ಅವಳಿಗೆ ಚುಚ್ಚಿ ಮಾತಾಡಲಿಲ್ಲ. ಮಣ್ಣಿನ ಚೀಲ ಕೈಯಿಂದ ಕೈಗೆ ದಾಟಿತು. ಕಮಲಾವತಿಯ ಅವಲಕ್ಕಿ, ಸಜ್ಜಿಗೆ ಎರಡು ಸಲ ಖಾಲಿಯಾಯಿತು. ಸೊಂಟದವರೆಗೆ ಕೆಸರಾಗಿದ್ದ ಯಶಸ್ವಿ ಕೈ ಮುಗಿದು ಥ್ಯಾಂಕ್ಸ್ ಹೇಳಲು ಹೋದರೆ, "ಮೊದ್ಲು ಆ ಚೀಲ ಈಚೆ ಕೊಡು ಮಾರಾಯ್ತಿ," ಎಂದು ಮೂಸಾಕ ಗದರಿಸಿದರು. ಸಂಜೆಯ ಹೊತ್ತಿಗೆ ಕಟ್ಟದ ಹಿಂದೆ ನೀರು ನಿಂತಿತು. ಆಮೇಲೆ ಮಳೆ ಬರಲಿಲ್ಲ, ಕಟ್ಟ ಅಲುಗಾಡಲಿಲ್ಲ.

ಕೆಲವು ವಾರ ಕಳೆದು ಯಶಸ್ವಿ ಕುಂಟಾಜೆಗೆ ಪುನಃ ಹೋದಳು. ಬಾವಿಯಲ್ಲಿ ನೀರು ಮೇಲೆ ಬಂದಿತ್ತು. ಕಮಲಾವತಿ ಅವಳ ಕೈ ಹಿಡಿದು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು.

ಕಟ್ಟದ ಮೇಲೆ ಮೋಕ್ಷಿತ್ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಥ್ಯಾಂಕ್ಸ್ ಹೇಳ್ಲಿಕ್ಕೆ ಬಂದೆ."

"ನೀರು ಕೊಟ್ಟದ್ದು ನೀವು. ನಾನಲ್ವಾ ಹೇಳ್ಬೇಕಾದ್ದು?"

"ಸುಳ್ಳುಗಾರ ಅಂದಿದ್ದೆ ನಿಮ್ಮನ್ನು. ಆದ್ರೂ ನನ್ನ ತಪ್ಪು ನೀವು ಹೊತ್ತುಕೊಂಡ್ರಿ. ಯಾಕೆ ಮೋಕ್ಷಿತ್?"

ಅವನು ಮನೆಯ ಕಡೆಗೊಮ್ಮೆ ನೋಡಿದ.

"ಅಪ್ಪ ಹೋದ ಮೇಲೆ ಅಮ್ಮ ನಗುದೇ ಬಿಟ್ಟಿದ್ರು. ನೀವು ಫೋನ್ ಮಾಡ್ಲಿಕ್ಕೆ ಶುರು ಮಾಡಿದ ಮೇಲೆ... ಬಾವಿ ಲೆಕ್ಕ ಒಂದು ನಿಮಿಷ, ಮಾತು ಅರ್ಧ ಗಂಟೆ! ಒಳಗೆ ಅವರು ನಗುದು ಕೇಳಿ ನಾನು ಜಗಲಿಯಲ್ಲಿ ಸುಮ್ಮನೆ ಕೂತಿರ್ತಿದ್ದೆ. ನಿಮ್ಮ ಮುಖ ನೋಡುವ ಮೊದಲೇ ನಿಮ್ಮ ಋಣ ನಮ್ಮ ಮನೆ ಮೇಲೆ ಇತ್ತು. ಅಂಥವರನ್ನು ನಾಲ್ಕು ಜನರೆದುರು ತಲೆ ತಗ್ಗಿಸುವ ಹಾಗೆ ಮಾಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

ಯಶಸ್ವಿ ಅವನ ಕಡೆಗೆ ತಿರುಗಿದಳು. ದೇವರೇ... ಇಂಥವನನ್ನು ನಾನು ಏನೆಂದುಕೊಂಡಿದ್ದೆ!

"ಅಮ್ಮ ಕೇಳ್ತಿದ್ರು," ಅವನು ಕಟ್ಟದ ಹಸಿ ಮಣ್ಣು ಕೆದಕಿದ. "ಆ ಹುಡುಗಿ ನಮ್ಮ ಮನೆಗೇ ಬರ್ಲಿಕ್ಕೆ ಒಪ್ತಾಳಾ ಅಂತ."

"ಅಮ್ಮ ಕೇಳುದಾ? ನೀವು ಕೇಳುದಾ?"

"...ನಾನೇ ಕೇಳುದು."

"ಹಾಗಾದ್ರೆ ಅರಂತೋಡಿಗೆ ಬಂದು ನಮ್ಮ ಅಪ್ಪನ ಹತ್ರ ಕೇಳಿ," ಎಂದು ಅವಳು ಕೆಸರು ಮೆತ್ತಿದ ಅವನ ಕೈ ಮೇಲೆ ಕೈ ಇಟ್ಟಳು. "ನಾನು ಒಪ್ಪಿ ಆಯ್ತು."