ಮೀಡಿಯಂ ವೇವ್‌ನಲ್ಲಿ ಒಡೆದ ದನಿ

"ಈ ಸಾಲು ಬರೆದೋರು ನೀವೇನಾ?"

ಸುಜಾತಾ ಹಾಳೆಯನ್ನು ಧ್ವನಿ ತಂತ್ರಜ್ಞ ಮುನೀಂದ್ರನ ಮುಖಕ್ಕೇ ಹಿಡಿದಿದ್ದಳು. ರಿಚರ್ಡ್ಸ್ ಟೌನಿನ ಹಳೇ ಬಂಗಲೆಯೊಂದರಲ್ಲಿದ್ದ ರೆಕಾರ್ಡಿಂಗ್ ಸ್ಟುಡಿಯೋದ ವರಾಂಡ ಅದು. ೧೯೯೯ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ.

ಹಾಳೆಯಲ್ಲಿ ಹೆಚ್ಚೇನೂ ಇರಲಿಲ್ಲ. 'ಯಂತ್ರಗಳು ಸರಿಯಾಗಿವೆ. ದೋಷವಿರುವುದು ನಿರೂಪಕಿಯ ದನಿಯಲ್ಲಿ.' ಕೆಳಗೆ ಅವನ ಸಹಿ.

"ಹೌದು, ನಾನೇ," ಅಂದ ಮುನೀಂದ್ರ. ಅವನ ಕಣ್ಣು ಹಾಳೆಯ ಮೇಲಿತ್ತು, ಅವಳ ಮೇಲಲ್ಲ.

"ಒಂದು ವರ್ಷ ಗಾಜಿನ ಆ ಕಡೆ ಕೂತು ನನ್ನ ದನಿ ಕೇಳಿದ್ದೀರಿ. ಚೆನ್ನಾಗಿದೆ ಅಂತ ನೀವೇ ಹೇಳ್ತಿದ್ರಿ."

"ಸ್ಟುಡಿಯೋದಲ್ಲಿ ಚೆನ್ನಾಗೇ ಇರುತ್ತೆ. ಪ್ರಸಾರದಲ್ಲಿ ಒಡೀತಿದೆ ಅಂತ ಕೇಳುಗರು ಕಾಗದ ಬರೀತಿದ್ದಾರೆ. ನಾನು ಮಷಿನ್ ಎಲ್ಲಾ ಚೆಕ್ ಮಾಡ್ದೆ ಸುಜಾತಾ. ಮಷಿನ್‌ನಲ್ಲಿ ಏನೂ ಇಲ್ಲ."

"ಹಾಗಾದ್ರೆ ನನ್ನ ಗಂಟಲಲ್ಲಿದೆ."

ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ಒಂದಿನ ನಿಮ್ಮ ಇದೇ ಬಾಯಿಂದ, ನಾಲ್ಕು ಜನರ ಮುಂದೆ, ನಿಮ್ಮ ಕಿವಿ ತಪ್ಪು ಅಂತ ಹೇಳಿಸ್ತೀನಿ. ಅಲ್ಲೀವರೆಗೆ ನಾನು ಮೈಕ್ ಮುಟ್ಟಲ್ಲ."

ಅವಳು ಗೇಟು ದಾಟುವವರೆಗೂ ಮುನೀಂದ್ರ ಅಲ್ಲೇ ನಿಂತಿದ್ದ. ಕರೆಯಬೇಕು ಅನ್ನಿಸಿತು... ಕರೆಯಲಿಲ್ಲ.

ಸುಜಾತಾಗೆ ಆಗ ಇಪ್ಪತ್ತೆರಡು ವರ್ಷ. ಅಪ್ಪ ಅಮೃತಪ್ಪ ಯಾದಗಿರಿ ಕಡೆಯ ಹಳ್ಳಿಯಿಂದ ಬಂದ ಗಾರೆ ಕೆಲಸದವನು. ಟಿನ್ ಫ್ಯಾಕ್ಟರಿ ಹಿಂದಿನ ವಠಾರದಲ್ಲಿ ಒಂದು ಬಾಡಿಗೆ ರೂಮು. ಸ್ಟುಡಿಯೋ ಮಾಲೀಕ ಕೆಂಪರಾಜ್, ಉತ್ತರದ ಜಿಲ್ಲೆಗಳ ಹೆಂಗಸರಿಗಾಗಿ ಒಂದು ರೇಡಿಯೋ ಕಾರ್ಯಕ್ರಮ ತಯಾರಿಸುತ್ತಿದ್ದ. ಅದಕ್ಕೆ ಆ ಕಡೆಯ ಮಾತು ಬಲ್ಲ ಹುಡುಗಿ ಬೇಕಿತ್ತು, ಸುಜಾತಾ ಸಿಕ್ಕಳು. ವಾರಕ್ಕೆರಡು ಸಲ ಅವಳ ದನಿ ಮೀಡಿಯಂ ವೇವ್‌ನಲ್ಲಿ ಅವಳ ಊರಿನವರೆಗೂ ಹೋಗುತ್ತಿತ್ತು.

ಕಟ್ಟಡದ ಕೆಲಸದ ಜಾಗಕ್ಕೆ ಅಮೃತಪ್ಪ ಟ್ರಾನ್ಸಿಸ್ಟರ್ ಒಯ್ಯುತ್ತಿದ್ದ. ಮರಳಿನ ಗುಡ್ಡೆ ಮೇಲೆ ಅದನ್ನಿಟ್ಟು, "ಸುಮ್ನಿರ್ರಿ, ನಮ್ ಸುಜ್ಜಿ ಮಾತಾಡ್ತಾಳ," ಅಂತ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ.

ಆ ವರ್ಷ ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಟೇಪು ಹೋಯಿತು. ಆರಿಸಿ ತಂದವನು ಮುನೀಂದ್ರನೇ. ಅದಾದ ಮೂರೇ ವಾರಕ್ಕೆ ಕೇಳುಗರ ಕಾಗದ ಶುರುವಾದವು. 'ಅಕ್ಕನ ದನಿ ತಗಡು ಗೀಚಿದಂಗ ಕೇಳಸ್ತದ.'

ಮುನೀಂದ್ರನ ಆ ಹಾಳೆಯಿಂದಾಗಿ ಸುಜಾತಾಳ ಕೆಲಸ ಹೋದ ವಾರ ಅಮೃತಪ್ಪ ಮಗಳಿಗೆ ಟ್ರಾನ್ಸಿಸ್ಟರ್ ಕೊಟ್ಟ. "ನಿನ್ನ ದನಿ ಅಲ್ಲವ್ವ, ಈ ಡಬ್ಬೀನೇ ಕೆಟ್ಟದ. ರಿಪೇರಿ ಮಾಡಿಸ್ಕೊಂಡು ಬಾ."

ಶಿವಾಜಿನಗರದ ಗಲ್ಲಿಯೊಂದರಲ್ಲಿ ಶಕೀಲಾ ಅನ್ನುವ ಹೆಂಗಸು ಗಂಡ ಬಿಟ್ಟುಹೋದ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಸೆಟ್ಟು ಬಿಚ್ಚಿ ನೋಡಿದಳು. ಬೇರೆ ಬೇರೆ ಸ್ಟೇಷನ್ ಹಾಕಿದಳು. ಎಲ್ಲವೂ ಶುದ್ಧವಾಗಿ ಬಂದವು. ಅಷ್ಟರಲ್ಲಿ ಸುಜಾತಾಳ ಹಳೇ ಕಾರ್ಯಕ್ರಮದ ಹೊತ್ತಾಯಿತು. ಅವಳ ಜಾಗಕ್ಕೆ ಬಂದ ಹೊಸ ಹುಡುಗಿ ಮಾತಾಡುತ್ತಿದ್ದಳು. 'ಸ', 'ಶ' ಬಂದಾಗಲೆಲ್ಲ ಅದೇ ಗೀಚು.

ಶಕೀಲಾ ಕಿವಿ ಹತ್ತಿರ ತಂದಳು. "ಸೆಟ್ಟು ಚೆನ್ನಾಗಿದೆ ಬೇಟಿ. ಇವಳದೂ ಒಡೀತಾ ಇದೆ ನೋಡು. ಇಬ್ರ ಗಂಟಲೂ ಒಟ್ಟಿಗೆ ಕೆಡುತ್ತಾ? ಬರೋ ಮಾಲೇ ಖರಾಬು."

ಸುಜಾತಾ ಅಲ್ಲಿಂದ ನೇರ ರಿಚರ್ಡ್ಸ್ ಟೌನಿಗೆ ಓಡಿದಳು. ಕೆಂಪರಾಜ್ ಬಾಗಿಲಲ್ಲೇ ನಿಲ್ಲಿಸಿದ. "ರಿಪೇರಿ ಅಂಗಡಿ ಹೆಂಗಸು ಹೇಳಿದ್ದು ಕೇಳ್ಕೊಂಡು ನನ್ನ ಮಷಿನ್‌ಗೆ ಹೆಸರು ಇಡ್ತೀಯಾ? ನಡಿ ನಡಿ."

"ಮುನೀಂದ್ರ ಅವರನ್ನ ಕರೀರಿ ಸಾರ್. ಅವರ ಹತ್ರ ಹೇಳ್ತೀನಿ."

"ಅವನು ಇಲ್ಲ."

ಆದರೆ ಅವನಿದ್ದ. ಕಿಟಕಿಯ ಹಿಂದೆ ನಿಂತಿದ್ದ. ಸುಜಾತಾ ಅವನನ್ನು ನೋಡಿದಳು, ಅವನೂ ನೋಡಿದ. ನೋಡಿ, ಒಳಗೆ ಸರಿದುಬಿಟ್ಟ.

ಆ ಸಾಲು ಬರೆದದ್ದಕ್ಕಿಂತ ಇದು ಅವಳಿಗೆ ಹೆಚ್ಚು ನೋವು ಮಾಡಿತು. ಬರೆದದ್ದು ತಪ್ಪು ತಿಳಿವಳಿಕೆ ಇರಬಹುದು. ಇದು? ಆ ಕಣ್ಣುಗಳನ್ನೇ ಅಲ್ಲವೇ ಅವಳು ಒಂದು ವರ್ಷ ಗಾಜಿನಾಚೆ ಹುಡುಕುತ್ತಿದ್ದದ್ದು...

'ಬಿಡಲ್ಲ ನಿನ್ನ,' ಅಂದುಕೊಂಡಳು.

ಮರುದಿನ ಶಕೀಲಾಳ ಅಂಗಡಿಗೆ ಹೋಗಿ, "ನಂಗೂ ಕಲಿಸಿ," ಅಂದಳು.

"ಯಾಕೆ?"

"ಒಬ್ಬನಿಗೆ ಬುದ್ಧಿ ಕಲಿಸ್ಬೇಕು."

ಶಕೀಲಾ ಅವಳ ಮುಖ ನೋಡಿ, ಬೆಸುಗೆ ಕಡ್ಡಿ ಕೈಗೆ ಕೊಟ್ಟಳು. "ಕೂತ್ಕೋ. ಸಿಟ್ಟಿರೋರು ಬೇಗ ಕಲೀತಾರೆ."

ಹಗಲು ಅಂಗಡಿ, ಸಂಜೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆರು ವರ್ಷ ಹೀಗೇ ಕಳೆದವು. ಊರಲ್ಲೆಲ್ಲ ಎಫ್‌ಎಂ ಬಂತು. ಜನ ಫೋನಿನಲ್ಲೇ ಹಾಡು ಕೇಳತೊಡಗಿದರು. ಸುಜಾತಾ ಮಾತ್ರ ಹಳೇ ಮೀಡಿಯಂ ವೇವ್ ಬೆನ್ನು ಬಿಡಲಿಲ್ಲ. ತನ್ನ ದನಿಗೆ ಏನಾಗಿತ್ತು ಅನ್ನುವುದನ್ನು ಎಳೆ ಎಳೆಯಾಗಿ ಬಿಡಿಸಿಕೊಂಡಳು.

ಕಂಪ್ಯೂಟರಿನಲ್ಲಿ ಜಾಗ ಉಳಿಸಲು ದನಿಯನ್ನು ಕಂಪ್ರೆಸ್ ಮಾಡಿ, ಹಿಂಡಿ ಇಟ್ಟಿದ್ದರು. ಫೋನ್ ಲೈನಿನಲ್ಲಿ ಕಳಿಸುವಾಗ ಹಿಂಡಿದ್ದನ್ನೇ ಮತ್ತೆ ಹಿಂಡಿದ್ದರು. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಮೀಡಿಯಂ ವೇವ್‌ನ ಇಕ್ಕಟ್ಟಿನ ದಾರಿಯಲ್ಲಿ, ಗಟ್ಟಿಯಾಗಿ ಕೇಳಲೆಂದು ಸದ್ದನ್ನು ಎತ್ತಿ ಕಳಿಸಿದಾಗ, ಹಿಂಡಿದ ಗಾಯವೆಲ್ಲ ಮೇಲೆ ಬರುತ್ತಿತ್ತು. ಮುನೀಂದ್ರ ಕೇಳಿದ್ದು ಸ್ಟುಡಿಯೋ ಸ್ಪೀಕರಿನಲ್ಲಿ. ಅಪ್ಪ ಕೇಳಿದ್ದು ಮರಳಿನ ಗುಡ್ಡೆ ಮೇಲೆ.

೨೦೦೫ರ ಕೊನೆಯಲ್ಲಿ ಅವಳು ಇಂದಿರಾನಗರದ ಒಂದು ಸಂಸ್ಥೆಯಲ್ಲಿ ಸೌಂಡ್ ಪರೀಕ್ಷಕಿಯಾಗಿದ್ದಳು. ಎಫ್‌ಎಂ ಮುಟ್ಟದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಮೀಡಿಯಂ ವೇವ್‌ನಲ್ಲಿ ಪಾಠ ಕಳಿಸುವುದು ಆ ಸಂಸ್ಥೆಯ ಯೋಜನೆ. ಧ್ವನಿಮುದ್ರಣದ ಕೆಲಸಕ್ಕೆ ಅರ್ಜಿ ಹಾಕಿದವರ ಪಟ್ಟಿ ಅವಳ ಮೇಜಿಗೆ ಬಂತು.

ಮೂರನೇ ಹೆಸರು ಕೆಂಪರಾಜನದು. ಜೊತೆಗೆ, 'ಮುಖ್ಯ ಧ್ವನಿ ತಂತ್ರಜ್ಞ: ಮುನೀಂದ್ರ.'

ಸುಜಾತಾ ಆ ಹೆಸರನ್ನು ತುಂಬಾ ಹೊತ್ತು ನೋಡಿದಳು. ಮನೆಗೆ ಹೋಗಿ ಪೆಟ್ಟಿಗೆ ತೆರೆದು, ಸ್ಟುಡಿಯೋ ದಿನಗಳ ಒಂದು ಕ್ಯಾಸೆಟ್ ಹೊರತೆಗೆದಳು. ಅದರಲ್ಲಿ ಅವಳದೇ ದನಿ, ಹಿಂಡದ ದನಿ ಇತ್ತು.

ಪರೀಕ್ಷೆಯ ದಿನ ಸಮಿತಿಯ ಐದು ಜನ ಕೂತಿದ್ದರು. ಕೆಂಪರಾಜ್ ಕೋಟು ಹಾಕಿಕೊಂಡು ಬಂದಿದ್ದ. ಹಿಂದೆ ಮುನೀಂದ್ರ. ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಅವಳನ್ನು ನೋಡಿ ಅವನು ನಿಂತಲ್ಲೇ ನಿಂತ.

ಕೆಂಪರಾಜನಿಗೆ ಅವಳ ಗುರುತೇ ಹತ್ತಲಿಲ್ಲ. "ನಮಸ್ಕಾರ ಮೇಡಂ. ನಮ್ಮ ಕ್ವಾಲಿಟಿ ನೀವೇ ಕೇಳಿ ನೋಡಿ. ಕಂಪ್ಲೀಟ್ ಡಿಜಿಟಲ್."

"ಕೇಳೋಣ. ಆದ್ರೆ ಇದರಲ್ಲಿ." ಅವಳು ಮೇಜಿನ ಮೇಲೆ ಒಂದು ಪುಟ್ಟ ಟ್ರಾನ್ಸಿಸ್ಟರ್ ಇಟ್ಟಳು. ಪಕ್ಕದಲ್ಲಿ ಶಕೀಲಾಳ ಅಂಗಡಿಯ ಸಿಗ್ನಲ್ ಜನರೇಟರ್. ಅದರ ಮೂಲಕ ಯಾವ ದನಿಯನ್ನಾದರೂ ಕೋಣೆಯೊಳಗೇ ಮೀಡಿಯಂ ವೇವ್ ಮಾಡಿ ಕೇಳಿಸಬಹುದಿತ್ತು. "ಮುನೀಂದ್ರ ಅವರೇ, ಎರಡು ತುಣುಕು ಹಾಕ್ತೀನಿ. ಯಾರ ದನಿ ಪ್ರಸಾರಕ್ಕೆ ಯೋಗ್ಯ, ಯಾರದ್ದು ಅಲ್ಲ, ನೀವು ಹೇಳ್ಬೇಕು."

ಮೊದಲನೆಯದು ಕ್ಯಾಸೆಟ್ಟಿನ ದನಿ. ಎರಡನೆಯದು ಅದೇ ದನಿ, ಕೆಂಪರಾಜನ ಕಂಪನಿಯ ರೀತಿಯಲ್ಲೇ ಎರಡು ಸಲ ಹಿಂಡಿದ್ದು. ಮೊದಲನೆಯದು ಸರಿ, ಎರಡನೆಯದು ಕೆಟ್ಟದು ಅಂತ ಅವನು ಹೇಳಬೇಕು. ಎರಡೂ ಒಬ್ಬಳದೇ, ಆ ಒಬ್ಬಳು ನಾನೇ ಅಂತ ಆಮೇಲೆ ಇವಳು ಹೇಳಬೇಕು. ಆರು ವರ್ಷ ಮನಸ್ಸಿನಲ್ಲೇ ಮಾಡಿ ನೋಡಿದ ಆಟ ಅದು.

ಮೊದಲ ತುಣುಕು ಶುರುವಾಯಿತು. "ಶರಣ್ರೀ ಅಕ್ಕಗೋಳೇ..."

ಮುನೀಂದ್ರ ಕಣ್ಣು ಮುಚ್ಚಿದ. ಎರಡನೆಯದಕ್ಕೆ ಅವನು ಕಾಯಲಿಲ್ಲ.

"ಇದು ಸುಜಾತಾ ಅವರ ದನಿ," ಅಂದ. "ಎರಡನೇದೂ ಅವರದೇ ಇರುತ್ತೆ. ಅದು ಒಡೆದಿರುತ್ತೆ. ಆರು ವರ್ಷದ ಹಿಂದೆ ಅದನ್ನ ನಾನು ಗಂಟಲಿನ ದೋಷ ಅಂತ ಬರೆದುಕೊಟ್ಟೆ. ದೋಷ ನಾನು ತಂದ ಮಷಿನ್‌ದು. ನನ್ನ ಕಿವಿ ತಪ್ಪು."

ಸುಜಾತಾ ಕ್ಯಾಸೆಟ್ ನಿಲ್ಲಿಸಿದಳು.

"ಏನೋ, ಏನ್ ಹೇಳ್ತಾ ಇದ್ದೀಯಾ?" ಕೆಂಪರಾಜ್ ಅವನ ತೋಳು ಹಿಡಿದ.

"ನಿಜ ಹೇಳ್ತಾ ಇದ್ದೀನಿ ಸಾರ್. ಈಗಲೂ ನಾವು ಹಾಗೇ ಹಿಂಡ್ತಾ ಇದ್ದೀವಿ. ಬೇಡ ಅಂತ ನಾನು ನಿಮಗೆ ಹೇಳಿದ್ದೆ."

ಸುಜಾತಾ ಪೆನ್ನು ತೆಗೆದುಕೊಂಡಳು. ಕೆಂಪರಾಜನ ಅರ್ಜಿಯ ಮೇಲೆ 'ಅಯೋಗ್ಯ' ಅಂತ ಬರೆದು ಸಹಿ ಹಾಕಿದಳು. ಮೆಟ್ಟಿಲಿಳಿಯುತ್ತಲೇ ಕೆಂಪರಾಜ್ ಮುನೀಂದ್ರನನ್ನು ಕೆಲಸದಿಂದ ತೆಗೆದ ಸದ್ದು ಮೇಲಿನವರೆಗೂ ಕೇಳಿಸಿತು.

ಆ ಸಂಜೆ ಅವಳು ಶಕೀಲಾಳ ಎದುರು ಕೂತು, "ಗೆದ್ದೆ," ಅಂದಳು.

"ಹೊಟ್ಟೆ ತುಂಬಿತಾ?"

"ತುಂಬಿತು," ಅಂದಳು. ಸುಳ್ಳಲ್ಲ. ಚೆನ್ನಾಗಿ ಊಟ ಮಾಡಿದಳು, ಚೆನ್ನಾಗಿ ನಿದ್ದೆಯೂ ಬಂತು.

ಮೂರು ದಿನದ ನಂತರ, ಸುಜಾತಾ ಶಕೀಲಾಳ ಅಂಗಡಿಯಲ್ಲಿದ್ದಾಗ, ಮುನೀಂದ್ರ ವಿಚಾರಿಸಿಕೊಂಡು ಅಲ್ಲಿಗೆ ಬಂದ.

"ಯಾವಾಗ ಗೊತ್ತಾಯ್ತು?" ಅವಳು ತಲೆ ಎತ್ತದೆ ಕೇಳಿದಳು.

"ನೀವು ಹೋದ ತಿಂಗಳಿಗೆ. ಹಲಸೂರಲ್ಲಿ ನಮ್ಮ ಮನೇಲಿ ಅಮ್ಮ ರೇಡಿಯೋ ಹಾಕಿದ್ರು. ಹೊಸ ಹುಡುಗಿ ದನಿನೂ ಹಾಗೇ ಬರ್ತಿತ್ತು."

"ಅವತ್ತು ಕಿಟಕಿ ಹಿಂದೆ ಯಾಕೆ ಬಚ್ಚಿಟ್ಕೊಂಡ್ರಿ?"

"ನೀವು ಹೇಳೋದು ನಿಜ ಇರಬಹುದು ಅಂತ ಹೆದರಿಕೆ ಆಯ್ತು. ಮಷಿನ್ ನಾನೇ ಆರಿಸಿ ತಂದಿದ್ದು..." ಅವನು ನಿಲ್ಲಿಸಿದ. "ಆಮೇಲೆ ನಿಮ್ಮನ್ನ ಹುಡುಕ್ಕೊಂಡು ಟಿನ್ ಫ್ಯಾಕ್ಟರಿ ಹತ್ರ ಮೂರು ಸಲ ಬಂದೆ. ರೂಮು ಖಾಲಿ ಮಾಡಿದ್ರು ಅಂದ್ರು."

"ಆರು ವರ್ಷದಲ್ಲಿ ಮೂರು ಸಲ."

"ಹೌದು. ಮೂರೇ ಸಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ಕ್ಷಮಿಸಿ."

"ನನ್ನ ಹತ್ರ ಕೇಳ್ಬೇಡಿ. ಅವತ್ತಿಂದ ನಮ್ಮಪ್ಪ ಕೆಲಸದ ಜಾಗಕ್ಕೆ ರೇಡಿಯೋ ಒಯ್ದಿಲ್ಲ. ಧೈರ್ಯ ಇದ್ರೆ ಕಮ್ಮನಹಳ್ಳಿಗೆ ಹೋಗಿ ಅವರ ಹತ್ರ ಕೇಳಿ."

ಹೋಗಲಿಕ್ಕಿಲ್ಲ ಅಂದುಕೊಂಡಿದ್ದಳು. ಭಾನುವಾರ ಬೆಳಿಗ್ಗೆ ಕಮ್ಮನಹಳ್ಳಿಯ ಅವರ ಮನೆ ಬಾಗಿಲಲ್ಲಿ ಅವನು ನಿಂತಿದ್ದ.

ಅಮೃತಪ್ಪ ಎಲ್ಲವನ್ನೂ ಕೇಳಿಸಿಕೊಂಡ.

"ನನ್ನ ಮಗಳ ದನಿ ಛಂದ ಅದ ಅಂತ ನಂಗ ಯಾರೂ ಹೇಳೋದು ಬೇಕಿದ್ದಿಲ್ರಿ," ಅಂದ ಕೊನೆಗೆ. "ಆದ್ರ ಕೆಲಸದ ಜಾಗದಾಗ ಜನ ನಕ್ಕರು. ಅವರ ಬಾಯಿ ಮುಚ್ಚಸಾಕ ನಂಗ ಆಗ್ಲಿಲ್ಲ. ಹೆಣ್ಮಗಳು ಆರು ವರ್ಷ ಮನ್ಯಾಗ ಒಂದು ಹಾಡು-ಪದಾ ಅಂದಿಲ್ರಿ."

ಮುನೀಂದ್ರ ತಲೆ ತಗ್ಗಿಸಿದ.

"ಅಳಬ್ಯಾಡ್ರಿ. ರೊಟ್ಟಿ ತಿನ್ನಿರಿ," ಅಂದ ಅಮೃತಪ್ಪ. ಒಳಗೆ ನಿಂತಿದ್ದ ಸುಜಾತಾಗೆ ಆಗ ತಿಳಿಯಿತು, ಅವನು ಅಳುತ್ತಿದ್ದಾನೆ ಅಂತ.

ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಪಾಠದ ಧ್ವನಿಮುದ್ರಣವನ್ನು ತಾವೇ ಮಾಡಿಕೊಳ್ಳೋಣ ಅಂತ ಸಂಸ್ಥೆ ತೀರ್ಮಾನಿಸಿತು. ಕೆಲಸಕ್ಕೆ ಅರ್ಜಿ ಹಾಕಿದ ಮುನೀಂದ್ರನನ್ನು ಅವಳೇ ಒಪ್ಪಿಕೊಂಡಳು, ತನ್ನ ಕೈ ಕೆಳಗೆ.

'ಇಲ್ಲೇ ಇರಲಿ. ದಿನಾ ನೋಡ್ಕೋತೀನಿ,' ಅಂದುಕೊಂಡಳು.

ಪ್ರತಿ ಪಾಠವನ್ನೂ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಗದ್ದಲದಲ್ಲಿ ನಿಂತು, ಅಂಗೈ ಅಗಲದ ಸೆಟ್ಟಿನಲ್ಲಿ ಕೇಳಿ ಬರಬೇಕು ಅಂತ ಅಪ್ಪಣೆ ಮಾಡಿದಳು. ಮೇ ತಿಂಗಳ ಬಿಸಿಲು. ಅವನು ತಪ್ಪದೆ ಹೋಗುತ್ತಿದ್ದ. ಕೇಳಿಸದ ಪದಗಳನ್ನೆಲ್ಲ ಚೀಟಿಯಲ್ಲಿ ಬರೆದು ತರುತ್ತಿದ್ದ. ದನಿಯನ್ನು ಹಿಂಡದೆ ಇಡಬೇಕು, ಮೀಡಿಯಂ ವೇವ್ ಹೊರಲಾರದ ತೀಕ್ಷ್ಣ ಸದ್ದನ್ನು ಮೊದಲೇ ಹದವಾಗಿ ಇಳಿಸಬೇಕು ಅಂತ ಕಂಡುಕೊಂಡದ್ದು ಆ ಚೀಟಿಗಳಿಂದಲೇ. ಪಾಠಗಳು ಶುದ್ಧವಾಗತೊಡಗಿದವು.

ಒಂದು ದಿನ ಚೀಟಿಯ ಕೊನೆಯಲ್ಲಿ ಹೀಗೆ ಬರೆದಿತ್ತು. 'ಓದುವವರು ಚೆನ್ನಾಗಿ ಓದುತ್ತಾರೆ. ಆದರೆ ಆ ಊರಿನ ಹೆಂಗಸರಿಗೆ ಅವರ ಊರಿನ ದನಿ ಬೇಕು.'

"ನಾನು ಓದಲ್ಲ," ಅಂದಳು ಸುಜಾತಾ.

"ಸರಿ."

"ಒತ್ತಾಯ ಮಾಡಲ್ವಾ?"

"ನಿಮ್ಮ ದನಿ ಬಗ್ಗೆ ಒಂದು ಸಲ ಬಾಯಿ ಹಾಕಿದ್ದು ಸಾಕು ನಂಗೆ."

ಮರುದಿನ ಅವಳೇ ಮೈಕಿನ ಮುಂದೆ ಕೂತಳು. ಮೊದಲ ಸಾಲನ್ನೂ ಪೂರ್ತಿ ಓದಲಾಗಲಿಲ್ಲ. ಮುನೀಂದ್ರ ರೆಕಾರ್ಡಿಂಗ್ ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅವಳು ನೀರು ಕುಡಿದು, ಅತ್ತು, ಮತ್ತೆ ಓದಿದಳು. ಆ ಪಾಠ ಪ್ರಸಾರವಾದ ವಾರ ಯಾದಗಿರಿ ಕಡೆಯಿಂದ ನಲವತ್ತು ಕಾಗದ ಬಂದವು. ಮುನೀಂದ್ರ ಅಷ್ಟನ್ನೂ ಅವಳ ಮೇಜಿನ ಮೇಲಿಟ್ಟು ಹೋದ.

ಆ ಶನಿವಾರ ಕಮ್ಮನಹಳ್ಳಿ ಮೇನ್ ರೋಡಿನ ಹೋಟೆಲಿನಲ್ಲಿ ಇಬ್ಬರೂ ಕಾಫಿಗೆ ಕೂತರು. ಕರೆದವಳು ಸುಜಾತಾ.

"ನಿಮ್ಮನ್ನ ಕೆಲಸಕ್ಕೆ ತಗೊಂಡಿದ್ದು ಸೇಡು ತೀರಿಸ್ಕೊಳ್ಳೋಕೆ."

"ಗೊತ್ತಿತ್ತು."

"ಗೊತ್ತಿದ್ದೂ ಬಂದ್ರಾ?"

"ದಿನಾ ನಿಮ್ಮನ್ನ ನೋಡ್ಬಹುದು ಅಂತ ಬಂದೆ." ಅವನು ಕಾಫಿ ಲೋಟ ತಿರುಗಿಸುತ್ತಾ ಅಂದ. "ಆ ಗಾಜಿನ ಹಿಂದೆ ಕೂತಿದ್ದಾಗಲೇ ಹೇಳ್ಬೇಕಿತ್ತು. ನಂಗೆ ನೀವು ಅಂದ್ರೆ ತುಂಬಾ ಇಷ್ಟ ಸುಜಾತಾ. ಅವತ್ತೂ ಇತ್ತು. ಧೈರ್ಯ ಇರಲಿಲ್ಲ."

ಅವಳು ರಸ್ತೆಯ ಕಡೆ ನೋಡಿದಳು.

"ನಿಮ್ಮಮ್ಮ ದೊಡ್ಡಮುನಿಯಮ್ಮ ಅಲ್ವಾ? ಹಲಸೂರಲ್ಲಿ ಜಮೀನು ಇದ್ದೋರು. ಗಾರೆ ಕೆಲಸದೋನ ಮಗಳನ್ನ ಒಪ್ತಾರಾ?"

"ಹೇಳಾಯ್ತು. ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಮೂರನೇ ದಿನ, ಆ ಹುಡುಗಿಗೆ ಮುದ್ದೆ ಮಾಡಕ್ಕೆ ಬರುತ್ತೇನೋ ಅಂತ ಕೇಳಿದ್ರು."

"ಏನಂದ್ರಿ?"

"ಬರಲ್ಲ, ನಾನೇ ಮಾಡ್ತೀನಿ ಅಂದೆ."

ಸುಜಾತಾಗೆ ನಗು ಬಂತು. ತಡೆದುಕೊಂಡಳು. "ನನ್ನ ಸಿಟ್ಟು ಪೂರ್ತಿ ಹೋಗಿಲ್ಲ ಮುನೀಂದ್ರ. ಮದುವೆ ಆದ್ಮೇಲೂ ಯಾವತ್ತಾದ್ರೂ ನೆನಪಾಗಿ ಬೈದುಬಿಡ್ತೀನಿ."

"ಬೈಯಿರಿ."

"ಕಿಟಕಿ ಹಿಂದೆ ಹೋಗ್ಬಿಡ್ತೀರಾ?"

"ಇಲ್ಲ. ಎದುರಿಗೇ ಕೂತಿರ್ತೀನಿ."

ಅವಳು ಮೇಜಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು.

"ಭಾನುವಾರ ಅಮ್ಮನ್ನ ಕರ್ಕೊಂಡು ಮನೆಗೆ ಬಾ," ಅಂದಳು.

ಅವಳು ಮೊದಲ ಸಲ ಏಕವಚನದಲ್ಲಿ ಕರೆದಿದ್ದಳು.

"ಬರ್ತೀನಿ ಕಣೇ," ಅಂದ.