ಹಸಿರು ಗಾಜಿನ ಹಾರ

"ಹಾರ ಹೋಯ್ತು, ಬರೋ ಅವರೇ," ಎನ್ನುತ್ತ ಒಡೀಲ್ ನನ್ನ ಬಾಗಿಲಲ್ಲೇ ಕುಸಿದು ಕುಳಿತಳು.

ಪ್ಯಾರಿಸಿನಲ್ಲಿ ಸಿರಿವಂತರಿಗೆ ಉಡುಪು ಹೊಲಿಯುವ ಆ ಮಳಿಗೆಯ ಬಾಗಿಲು ಕಾಯುತ್ತಿದ್ದವನು ನಾನು. ನಿವೃತ್ತ ಪೊಲೀಸು ಬರೋ ಅದೇ ಕಟ್ಟಡದ ಮೇಲಂತಸ್ತಿನಲ್ಲಿದ್ದ. ಬೆಳಗಿನ ಕಾಫಿ ನನ್ನ ಜೊತೆಗೇ; ಆಗಲೂ ಅಲ್ಲೇ ಕೂತಿದ್ದ. ಒಡೀಲ್ ಗಾಜು ಕರಗಿಸಿ ಹಿತ್ತಾಳೆಗೆ ಹೊಯ್ದು ಒಡವೆ ಮಾಡುವವಳು. ವರ್ಷಗಟ್ಟಲೆ ಅವಳ ಕೆಲಸ ದೊಡ್ಡವರ ಕೊರಳಲ್ಲಿ ಮೆರೆದಿತ್ತು, ಹೆಸರು ಮಾತ್ರ ಮಳಿಗೆಯದು. ಅಂದು ನಡೆಯಲಿದ್ದ ಜನವರಿಯ ಉಡುಪು ಪ್ರದರ್ಶನದಲ್ಲಿ ಅವಳ ಹೆಸರನ್ನೇ ಕೂಗುವುದಾಗಿ ಯಜಮಾನ ಕ್ಲೆರ್ವಾಲ್ ಮಾತು ಕೊಟ್ಟಿದ್ದ.

"ಕೊನೆಯ ಗೌನಿಗೆ ಆ ಹಸಿರು ಹಾರವೇ ಬೇಕು. ಮಧ್ಯಾಹ್ನದೊಳಗೆ ಸಿಗಲಿಲ್ಲ ಅಂದ್ರೆ ಅರ್ನೋನ ಒಡವೆ ಹಾಕಿಸ್ತೀನಿ. ಕೂಗೋ ಹೆಸರೂ ಅವನದೇ," ಎಂದ ಕ್ಲೆರ್ವಾಲ್.

ಹಳೆಯ ಒಡವೆಗಾರ ಅರ್ನೋ ಮೀಸೆಯಲ್ಲೇ ನಕ್ಕ. ಕಳ್ಳ ಅವನೇ ಎಂದುಕೊಂಡೆ. ಹಾರವಿಟ್ಟಿದ್ದ ಬೀರುವಿನ ಕೀಲಿ ಇದ್ದದ್ದು ಯಜಮಾನ, ಅರ್ನೋ ಮತ್ತು ಹೊಲಿಗೆಯ ಹಿರಿಯಳು ಬೆರ್ತ್ ಬಳಿ. ಆದರೆ ಬೆಳಗಿನಿಂದ ಒಬ್ಬರೂ ನನ್ನನ್ನು ದಾಟಿ ಹೊರಹೋಗಿರಲಿಲ್ಲ.

ಬೀರುವಿನಲ್ಲಿ ಒಡೀಲ್ ಮಾಡಿದ ಕೆಂಪು, ನೀಲಿ ಹಾರಗಳು ಹಾಗೇ ಇದ್ದವು. ಹೊಲಿಗೆಯ ಕೋಣೆಯಲ್ಲಿ ಪೆಟ್ಟಿಗೆ, ಜೇಬು ಎಲ್ಲ ಹುಡುಕಿಯಾಗಿತ್ತು. ಹೆಂಗಸರು ಶಾಲು ಹೊದ್ದು ಹೊಲಿಯುತ್ತಿದ್ದರು.

"ಏನಯ್ಯಾ, ಈ ಚಳೀಲಿ ಕಿಟಕಿ ಪೂರ್ತಿ ಮುಚ್ಚಿಲ್ವಲ್ಲ?" ಎಂದು ಬರೋ ನನ್ನನ್ನು ಕೇಳಿದ.

"ಬೆಳಗ್ಗೆ ನಾನೇ ಭದ್ರವಾಗಿ ಮುಚ್ಚಿದ್ದೆ," ಎಂದೆ.

ಬರೋ ಎಲ್ಲರನ್ನೂ ಅಲ್ಲಿಗೇ ಕರೆಸಿದ.

"ಅರ್ನೋ ಕದ್ದಿದ್ರೆ ಮೂರನ್ನೂ ಒಯ್ತಿದ್ದ. ಒಂದು ಹೋದ್ರೇ ಯಜಮಾನರು ಒಡೀಲ್ ಹೆಸರು ಬಿಡ್ತಾರೆ ಅಂತ ಅವನಿಗೆ ಮೊದಲೇ ಗೊತ್ತಿರ್ಲಿಲ್ವಲ್ಲ. ಯಜಮಾನರು ತಮ್ಮ ಪ್ರದರ್ಶನ ತಾವೇ ಕೆಡಿಸ್ಕೊಳ್ಳಲ್ಲ. ಹೋಗಿರೋದು ಹಸಿರು ಮಾತ್ರ. ನಮ್ಮ ಹೊಲಿಗೆಯವರು ಇಂಥ ದಿನ ಹಸಿರು ದಾರಾನೂ ಮುಟ್ಟಲ್ಲ, ಕೇಡು ಅಂತಾರೆ. ಅಂಥವರು ಅದನ್ನ ಈ ಸೂರಿನಡಿ ಬಚ್ಚಿಡ್ತಾರಾ? ಬಾಗಿಲಲ್ಲಿ ಇವನು ಬಂಡೆ ಥರ ಕೂತಿದಾನೆ. ಉಳಿದದ್ದು ಕಿಟಕಿ."

ಹೊರಗೆ ಕೈ ಹಾಕಿ ಎಳೆದ. ಕೊಕ್ಕೆಗೆ ಕಟ್ಟಿದ್ದ ಬಟ್ಟೆಯ ಚೀಲ ಬಂತು. ಅದರ ಗಂಟು ಸಿಕ್ಕಿಕೊಂಡೇ ಕಿಟಕಿ ಮುಚ್ಚಿರಲಿಲ್ಲ. ಹಾರ ಒಳಗಿತ್ತು.

"ಕೀಲಿ ಇದ್ದ ಹೊಲಿಗೆಯವರು ಒಬ್ಬರೇ. ಅಲ್ವಾ, ಮದಾಮ್?"

ಬೆರ್ತ್ ತಲೆ ತಗ್ಗಿಸಲಿಲ್ಲ. "ಹೌದು, ನಾನೇ. ಹಿಂದೊಂದು ಪ್ರದರ್ಶನದಲ್ಲಿ ಹಸಿರು ಗೌನು ಹಾಕಿದ ಹುಡುಗಿ ಮೆಟ್ಟಿಲಿಂದ ಉರುಳಿದ್ದು ಈ ಕಣ್ಣಾರೆ ನೋಡಿದೀನಿ. ಸಂಜೆ ಕೊಡೋಳಿದ್ದೆ. ನಿನ್ನ ಹೆಸರು ಕಳೀಬೇಕು ಅಂತಲ್ಲ ಕಣೇ, ಮಗಳೇ."

"ಕೇಡು ಬಂದ್ರೆ ನನಗೇ ಬರ್ಲಿ," ಎಂದಳು ಒಡೀಲ್. "ಈಗ ನೀವೇ ತೊಡಿಸಿ."

ಬೆರ್ತ್ ಬೆರಳಿಗೆ ಕರವಸ್ತ್ರ ಸುತ್ತಿಕೊಂಡೇ ರೂಪದರ್ಶಿಯ ಕೊರಳಿಗೆ ತೊಡಿಸಿದಳು.

ಪ್ರದರ್ಶನದ ಕೊನೆಗೆ ಕಪ್ಪು ಮಖಮಲ್ಲಿನ ಗೌನಿನ ಮೇಲೆ ಆ ಹಸಿರು ಹೊಳೆದಾಗ ಸಭೆ ಎದ್ದು ನಿಂತಿತು. ಕ್ಲೆರ್ವಾಲ್ ಕೂಗಿದ: "ಒಡೀಲ್ ವಾಸರ್!"

ಅವಳು ಸುಟ್ಟಗಾಯದ ಬೆರಳುಗಳನ್ನು ಬಚ್ಚಿಟ್ಟುಕೊಂಡು ಪರದೆಯ ಹಿಂದೆಯೇ ನಿಂತಿದ್ದಳು. ಬೆರ್ತ್ ಅವಳ ಬೆನ್ನಿಗೆ ಕೈಕೊಟ್ಟು ಬೆಳಕಿಗೆ ನೂಕಿದಳು.